ಅಮೆರಿಕದ ಅರ್ಜಿಯ ಜಿಪಿಎ ಖಾನೆ: ನಮ್ಮ ಮಾರ್ಕ್ಸ್ ಕಾರ್ಡ್ ಹಿಡಿದು ಅದನ್ನು ತುಂಬುವುದು ಹೇಗೆ

ಅಮೆರಿಕದ ವಿಶ್ವವಿದ್ಯಾಲಯಕ್ಕೆ ಸೇರಲು ಅರ್ಜಿಯ ಫಾರ್ಮ್ ತೆರೆದಾಗ ಮೊದಲೆಲ್ಲ ಸಲೀಸು. ಹೆಸರು, ಹುಟ್ಟಿದ ತಾರೀಖು, ಪಾಸ್‌ಪೋರ್ಟ್ ನಂಬರು, ಮನೆ ವಿಳಾಸ. ಆಮೇಲೆ ಒಂದು ಪುಟ್ಟ ಖಾನೆ ಬರುತ್ತದೆ, ಜಿಪಿಎ ಅಂತ, ಅಂದರೆ ನಿಮ್ಮ ಗ್ರೇಡುಗಳ ಸರಾಸರಿ. ಪಕ್ಕದಲ್ಲಿ ಇನ್ನೊಂದು ಖಾನೆ, ಅದು ಎಷ್ಟಕ್ಕೆ ಅಂತ. ಅಲ್ಲಿ ಕೈ ನಿಲ್ಲುತ್ತದೆ.

ನನ್ನ ಕೈಯೂ ನಿಂತಿತ್ತು. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಗ್ರೇಡ್ ಕಾರ್ಡಿನಲ್ಲಿ ನನ್ನ ಸಿಜಿಪಿಎ, ಅಂದರೆ ಎಲ್ಲ ಸೆಮಿಸ್ಟರುಗಳ ಒಟ್ಟು ಸರಾಸರಿ, 8.1. ಹತ್ತಕ್ಕೆ 8.1 ಆದರೆ ನಾಲ್ಕಕ್ಕೆ ಎಷ್ಟು? ಮೊಬೈಲ್ ತೆಗೆದು 0.4ರಿಂದ ಗುಣಿಸಿದೆ. 3.24 ಬಂತು. ನಾನು ಆಸೆಪಟ್ಟಿದ್ದ ನಾಲ್ಕು ವಿಶ್ವವಿದ್ಯಾಲಯಗಳ ಪುಟದಲ್ಲಿ ಸೀಟು ಸಿಕ್ಕವರ ಸರಾಸರಿ ಜಿಪಿಎ 3.5ರ ಮೇಲೆಯೇ ಇತ್ತು. ನಾಲ್ಕನ್ನೂ ಪಟ್ಟಿಯಿಂದ ಹೊಡೆದು ಹಾಕಿದೆ. ಎರಡು ವರ್ಷ ಕಳೆದ ಮೇಲೆ ಬೇರೆ ಕೆಲಸಕ್ಕೆ ಅಂತ ಅದೇ ಮಾರ್ಕ್ಸ್ ಕಾರ್ಡುಗಳನ್ನು ಅಲ್ಲಿನ ಇವ್ಯಾಲ್ಯುಯೇಶನ್ ಸಂಸ್ಥೆಯೊಂದಕ್ಕೆ, ಅಂದರೆ ಹೊರದೇಶದ ಓದನ್ನು ಅಮೆರಿಕದ ಅಳತೆಗೆ ತೂಗಿ ಬರೆದುಕೊಡುವವರಿಗೆ, ಕೊಟ್ಟೆ. ಅವರು ಬರೆದುಕೊಟ್ಟಿದ್ದು 3.7. ನನ್ನ ಗುಣಾಕಾರದಲ್ಲಿ ತಪ್ಪಿರಲಿಲ್ಲ. ಗುಣಿಸಿದ್ದೇ ತಪ್ಪು.

ಅವತ್ತಿನಿಂದ ಊರಿನ ಕಡೆಯ ಹುಡುಗರು ಯಾರು ಕೇಳಿದರೂ ಮೊದಲು ಒಂದು ಮಾತು ಹೇಳುತ್ತೇನೆ: ನಿಮ್ಮ ಅಂಕಿಯನ್ನು ನೀವೇ ಬೇರೆ ಅಳತೆಗೆ ಬದಲಾಯಿಸಬೇಡಿ. ಯಾಕೆ, ಹಾಗಾದರೆ ಏನು ಮಾಡಬೇಕು ಅನ್ನುವುದನ್ನು ಒಂದೊಂದಾಗಿ ನೋಡೋಣ.

1. ಅವರ ನಾಲ್ಕು ಅಂದರೆ ಏನು

ಅಮೆರಿಕದಲ್ಲಿ ಮೇಷ್ಟ್ರು ಕೊಡುವುದು ಅಕ್ಷರ. ಅಂಕಿ ಆಮೇಲೆ ಬರುತ್ತದೆ. ಎ ಅಂದರೆ 4.0, ಎ ಮೈನಸ್ 3.7, ಬಿ ಪ್ಲಸ್ 3.3, ಬಿ 3.0, ಬಿ ಮೈನಸ್ 2.7, ಸಿ ಪ್ಲಸ್ 2.3, ಸಿ 2.0, ಡಿ 1.0, ಎಫ್ ಸೊನ್ನೆ. ಪ್ರತಿ ವಿಷಯದ ಪಾಯಿಂಟನ್ನು ಅದರ ಕ್ರೆಡಿಟ್‌ನಿಂದ, ಅಂದರೆ ಆ ವಿಷಯಕ್ಕೆ ಕೊಟ್ಟಿರುವ ತೂಕದಿಂದ, ಗುಣಿಸಿ, ಎಲ್ಲವನ್ನೂ ಕೂಡಿಸಿ, ಒಟ್ಟು ಕ್ರೆಡಿಟ್‌ನಿಂದ ಭಾಗಿಸಿದರೆ ಜಿಪಿಎ. ನಮ್ಮ ಎಸ್‌ಜಿಪಿಎ (ಒಂದು ಸೆಮಿಸ್ಟರಿನ ಸರಾಸರಿ), ಸಿಜಿಪಿಎ ಲೆಕ್ಕವೂ ಇದೇ ತರಹದ್ದು. ಆದ್ದರಿಂದ ಎರಡೂ ಒಂದೇ ಅಂತ ಅನಿಸಿಬಿಡುತ್ತದೆ. ಮೋಸ ಹೋಗುವುದು ಇಲ್ಲಿಯೇ.

ಅಕ್ಷರ ಸಿಗುವ ರೀತಿ ಎರಡೂ ಕಡೆ ಬೇರೆ. ಅಲ್ಲಿನ ಸಾಮಾನ್ಯ ಲೆಕ್ಕದಲ್ಲಿ 90ರ ಮೇಲೆ ಬಂದರೆ ಎ, 80ರ ಮೇಲೆ ಬಿ, 70ರ ಮೇಲೆ ಸಿ, 60ರ ಮೇಲೆ ಡಿ, ಕೆಳಗಿಳಿದರೆ ಫೇಲ್. ನಮ್ಮಲ್ಲಿ 70 ಬಂದರೆ ಡಿಸ್ಟಿಂಕ್ಷನ್ ಅಂತ ಮನೆಯಲ್ಲಿ ಪಾಯಸ ಮಾಡುತ್ತಾರೆ. ಅಲ್ಲಿ 70 ಅಂದರೆ, ಪರವಾಗಿಲ್ಲ, ಪಾಸಾಗಿದ್ದೀಯ, ಅಷ್ಟೇ.

ಹಾಗಂತ ಅಲ್ಲಿ ಎ ಬರುವುದು ಕಷ್ಟ ಅಂದುಕೊಳ್ಳಬೇಡಿ. 2013ರಲ್ಲಿ ಹಾರ್ವರ್ಡ್‌ನ ಡೀನ್ ಒಬ್ಬರು ಅಧ್ಯಾಪಕರ ಸಭೆಯಲ್ಲಿ ಒಂದು ಪ್ರಶ್ನೆಗೆ ಉತ್ತರ ಕೊಡುತ್ತಾ, ಕಾಲೇಜಿನ ನಟ್ಟನಡುವಿನ ಗ್ರೇಡ್ ಎ ಮೈನಸ್, ಅತಿ ಹೆಚ್ಚು ಸಲ ಕೊಡುವ ಗ್ರೇಡ್ ಎ ಅಂತ ಹೇಳಿದ್ದರು. ಅಂದರೆ ಅಲ್ಲಿನ 3.7 ನಮ್ಮ ರ‍್ಯಾಂಕ್ ಬಂದವರ ಅಂಕಿಗೆ ಸಮ ಅಲ್ಲ. ಆ ಅಂಕಿ ನೋಡಿ ಸುಮ್ನೆ ಹೆದರಬಾರದು.

ಇನ್ನೊಂದು ವಿಷಯ. ನಾಲ್ಕು ಅನ್ನುವುದು ಅಮೆರಿಕಕ್ಕೆಲ್ಲ ಒಂದೇ ಅಳತೆಯೂ ಅಲ್ಲ. ಎ ಪ್ಲಸ್‌ಗೆ 4.3 ಕೊಡುವ ವಿಶ್ವವಿದ್ಯಾಲಯಗಳಿವೆ. ಎಂಐಟಿಯಲ್ಲಿ ಎ ಅಂದರೆ 5. ಅಲ್ಲಿ 4.0 ತಂದವನು ಬಿ ವಿದ್ಯಾರ್ಥಿ. ಅಂಕಿಯ ಜೊತೆ ಅಳತೆಯನ್ನೂ ಹೇಳದಿದ್ದರೆ ಅವರವರಿಗೇ ಅರ್ಥವಾಗುವುದಿಲ್ಲ. ಫಾರ್ಮಿನಲ್ಲಿ ಎರಡನೇ ಖಾನೆ ಇರುವುದು ಅದಕ್ಕೇ.

2. ಒಂದು ಸೆಮಿಸ್ಟರನ್ನು ಕೈಯಾರೆ ಲೆಕ್ಕ ಹಾಕಿ

ಒಂದು ಹಾಳೆ, ಒಂದು ಪೆನ್ನು ತೆಗೆದುಕೊಳ್ಳಿ. ನಾನು ಇಲ್ಲಿ ಒಂದು ಮಾದರಿ ಸೆಮಿಸ್ಟರ್ ಕೊಡುತ್ತೇನೆ. ಆಮೇಲೆ ನಿಮ್ಮದನ್ನೇ ಹಾಕಿಕೊಳ್ಳಿ.

ಗಣಿತ: 4 ಕ್ರೆಡಿಟ್, 58 ಅಂಕ, ಗ್ರೇಡ್ ಪಾಯಿಂಟ್ 6
ಡೇಟಾ ಸ್ಟ್ರಕ್ಚರ್ಸ್: 4 ಕ್ರೆಡಿಟ್, 91 ಅಂಕ, ಪಾಯಿಂಟ್ 10
ಡಿಜಿಟಲ್ ಎಲೆಕ್ಟ್ರಾನಿಕ್ಸ್: 3 ಕ್ರೆಡಿಟ್, 74 ಅಂಕ, ಪಾಯಿಂಟ್ 8
ಕಂಪ್ಯೂಟರ್ ಆರ್ಗನೈಸೇಶನ್: 3 ಕ್ರೆಡಿಟ್, 66 ಅಂಕ, ಪಾಯಿಂಟ್ 7
ಲ್ಯಾಬ್: 2 ಕ್ರೆಡಿಟ್, 95 ಅಂಕ, ಪಾಯಿಂಟ್ 10

ಕ್ರೆಡಿಟ್‌ನಿಂದ ಗುಣಿಸಿದರೆ 24, 40, 24, 21, 20. ಕೂಡಿಸಿದರೆ 129. ಒಟ್ಟು ಕ್ರೆಡಿಟ್ 16. ಭಾಗಿಸಿದರೆ 8.06.

ಕ್ರೆಡಿಟ್ ಮರೆತು ಐದು ಪಾಯಿಂಟ್‌ಗಳ ಸರಾಸರಿ ತೆಗೆದರೆ 8.2 ಬರುತ್ತದೆ. ಲ್ಯಾಬಿನ ಹತ್ತು ಪಾಯಿಂಟಿಗೂ ಗಣಿತದ ಆರು ಪಾಯಿಂಟಿಗೂ ಒಂದೇ ತೂಕ ಕೊಟ್ಟ ಹಾಗಾಯಿತು. ಎಂಟು ಸೆಮಿಸ್ಟರಿನ ಎಸ್‌ಜಿಪಿಎಗಳನ್ನು ಕೂಡಿಸಿ ಎಂಟರಿಂದ ಭಾಗಿಸುವವರೂ ಇದೇ ತಪ್ಪು ಮಾಡುತ್ತಾರೆ. ಎಲ್ಲ ಸೆಮಿಸ್ಟರಿಗೂ ಒಂದೇ ಕ್ರೆಡಿಟ್ ಇರುವುದಿಲ್ಲ. 20 ಕ್ರೆಡಿಟ್‌ನ ಸೆಮಿಸ್ಟರಿನಲ್ಲಿ 7.0, 16 ಕ್ರೆಡಿಟ್‌ನದರಲ್ಲಿ 9.5 ಬಂದರೆ ಸುಮ್ಮನೆ ಸರಾಸರಿ 8.25. ಸರಿಯಾದ ಲೆಕ್ಕ 8.11. ಫಾರ್ಮಿನಲ್ಲಿ 8.25 ಬರೆದು, ಜೊತೆಗೆ ಅಪ್‌ಲೋಡ್ ಮಾಡಿದ ಗ್ರೇಡ್ ಕಾರ್ಡಿನಲ್ಲಿ 8.11 ಇದ್ದರೆ ನೋಡುವವರಿಗೆ ಏನನಿಸಬೇಡ? ಆದ್ದರಿಂದ ಕೊನೆಯ ಗ್ರೇಡ್ ಕಾರ್ಡಿನಲ್ಲಿ ಅಚ್ಚಾಗಿರುವ ಸಿಜಿಪಿಎಯನ್ನೇ ಬರೆಯಿರಿ. ಮೂರು ದಶಮಾಂಶ ಇದ್ದರೆ ಮೂರೂ ಬರೆಯಿರಿ. ಮೇಲಕ್ಕೆ ದುಂಡಗೆ ಮಾಡುವುದು ಬೇಡ.

3. ಅದೇ ಸೆಮಿಸ್ಟರ್, ಮೂರು ಬೇರೆ ಬೇರೆ ಉತ್ತರ

ಈಗ ಇದೇ 8.06 ಅನ್ನು ನಾಲ್ಕರ ಅಳತೆಗೆ ತರೋಣ. ಮೂರು ದಾರಿ ಇವೆ.

ಒಂದು, ನಾನು ಮಾಡಿದ್ದು. 0.4ರಿಂದ ಗುಣಿಸುವುದು. ಉತ್ತರ 3.22.

ಎರಡು, ಇವ್ಯಾಲ್ಯುಯೇಟರ್‌ಗಳು ಭಾರತದ ಪರ್ಸೆಂಟೇಜಿಗೆ ಸಾಮಾನ್ಯವಾಗಿ ಬಳಸುವ ದರ್ಜೆಯ ಲೆಕ್ಕ. ಫಸ್ಟ್ ಕ್ಲಾಸ್, ಅಂದರೆ 60ರ ಮೇಲೆ ಬಂದ ವಿಷಯಕ್ಕೆ ಎ. 50ರಿಂದ 59ಕ್ಕೆ ಬಿ. ಅದರ ಕೆಳಗೆ ಸಿ. ನಮ್ಮ ಮಾದರಿಯಲ್ಲಿ ಗಣಿತ ಬಿ, ಉಳಿದ ನಾಲ್ಕೂ ಎ. ಗಣಿತದ್ದು 12, ಉಳಿದದ್ದು 48, ಒಟ್ಟು 60. ಅದನ್ನು 16ರಿಂದ ಭಾಗಿಸಿದರೆ 3.75.

ಮೂರು, ನಮ್ಮ ಊರಿನ ಪದ್ಧತಿ ಗೊತ್ತೇ ಇಲ್ಲದ ಒಬ್ಬ ಅಮೆರಿಕದವನು ಅಂಕಗಳನ್ನು ತನ್ನ ತರಗತಿಯ ಲೆಕ್ಕದಲ್ಲಿ ಓದಿದರೆ? 58 ಫೇಲ್. 91 ಎ. 74 ಸಿ. 66 ಡಿ. 95 ಎ. ಒಟ್ಟು 33 ಪಾಯಿಂಟ್, 16ರಿಂದ ಭಾಗಿಸಿದರೆ 2.06.

3.22, 3.75, 2.06. ಹುಡುಗ ಅವನೇ, ಪರೀಕ್ಷೆ ಅದೇ, ಉತ್ತರಪತ್ರಿಕೆಯೂ ಅದೇ. ಒಂದು ಅಂಕಿಗೆ ಒಳ್ಳೆಯ ಕಡೆಯೇ ಸೀಟು ಕೇಳಬಹುದು. ಇನ್ನೊಂದು ಕನಿಷ್ಠ ಗೆರೆಯನ್ನು ಹೇಗೋ ದಾಟುತ್ತದೆ. ಮತ್ತೊಂದಕ್ಕೆ ಅರ್ಜಿಯನ್ನು ಯಾರೂ ತೆರೆದೂ ನೋಡುವುದಿಲ್ಲ. ಇದನ್ನು ಒಮ್ಮೆ ನಿಮ್ಮದೇ ಅಂಕಗಳಿಗೆ ಮಾಡಿ ನೋಡಿ. ಆಮೇಲೆ ನಾನು ಯಾಕೆ ಬದಲಾಯಿಸಬೇಡಿ ಅಂತ ಬಡಕೊಳ್ಳುತ್ತೇನೆ ಅಂತ ತಾನಾಗಿ ತಿಳಿಯುತ್ತದೆ.

ಗೂಗಲ್‌ನಲ್ಲಿ ಸಿಗುವ ಕನ್ವರ್ಟರ್‌ಗಳಲ್ಲಿ ಬಹಳಷ್ಟು ಮೊದಲ ದಾರಿಯವು. ಕೆಲವು ಕನ್ಸಲ್ಟೆನ್ಸಿಯವರೂ ಅದೇ ಲೆಕ್ಕ ಹಾಕಿ, ನಿಮಗೆ ಇಷ್ಟೇ ಸಾಧ್ಯ ಅಂತ ಪಟ್ಟಿ ಕೈಗಿಡುತ್ತಾರೆ. ಯಾವ ಲೆಕ್ಕ ಹಾಕಿದಿರಿ ಅಂತ ಕೇಳಿ. ಕೇಳಿದರೆ ಬೇಜಾರು ಮಾಡಿಕೊಳ್ಳುವವರಾದರೆ ಎದ್ದು ಬನ್ನಿ.

4. ಗ್ರೇಡ್ ಕಾರ್ಡಿನ ಅಕ್ಷರಗಳು ಅಲ್ಲಿಗೆ ಹೋದರೆ ಅರ್ಥ ಬದಲಾಗುತ್ತವೆ

ಅಂಕಿಗಿಂತ ಜಾಸ್ತಿ ತೊಂದರೆ ಕೊಡುವುದು ಅಕ್ಷರ. ಇದನ್ನು ಯಾರೂ ಹೇಳುವುದಿಲ್ಲ, ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ವಿಟಿಯುವಿನ 2018ರ ಸ್ಕೀಮಿನಲ್ಲಿ, ಅಂದರೆ ಆ ವರ್ಷದ ಪಠ್ಯ ಮತ್ತು ಪರೀಕ್ಷೆಯ ಪದ್ಧತಿಯಲ್ಲಿ, 90ರ ಮೇಲೆ ಓ, 80ರ ಮೇಲೆ ಎಸ್, 70ರ ಮೇಲೆ ಎ, 60ರ ಮೇಲೆ ಬಿ. 2015ರ ಸ್ಕೀಮಿನಲ್ಲಿ ಎಸ್ ಪ್ಲಸ್‌ನಿಂದ ಶುರುವಾಗಿ ಇ ವರೆಗೆ ಇತ್ತು. 40ರಿಂದ 44 ಬಂದವರಿಗೆ ಇ, ಅಂದರೆ ಪಾಸು.

ಈಗ ಅಮೆರಿಕದವರ ಕಣ್ಣಲ್ಲಿ ನೋಡಿ. ಎಸ್ ಅಂದರೆ ಅವರಿಗೆ ಸ್ಯಾಟಿಸ್‌ಫ್ಯಾಕ್ಟರಿ. ಗ್ರೇಡ್ ಇಲ್ಲದೆ ಸುಮ್ಮನೆ ಪಾಸು ಮಾಡುವ ವಿಷಯಗಳಿಗೆ ಹಾಕುವ ಅಕ್ಷರ ಅದು. ನೀವು 85 ತೆಗೆದು ಹೆಮ್ಮೆಪಟ್ಟ ವಿಷಯ ಅವರಿಗೆ ಲೆಕ್ಕಕ್ಕೇ ಇಲ್ಲದ ವಿಷಯದ ಹಾಗೆ ಕಾಣಬಹುದು. ಓ ಅನ್ನುವ ಗ್ರೇಡನ್ನು ಅವರಲ್ಲಿ ಬಹಳ ಜನ ಕಂಡೇ ಇರುವುದಿಲ್ಲ. ಕೆಲವರು ಅದನ್ನು ಸೊನ್ನೆ ಅಂತಲೇ ಓದಿಕೊಂಡರೂ ಆಶ್ಚರ್ಯವಿಲ್ಲ. ಇ ಅಂತೂ ಹೆಚ್ಚಿನ ಕಡೆ ಇಲ್ಲ, ಇರುವ ಕಡೆ ಫೇಲ್. ನಮ್ಮವರು ತುಂಬ ಜನ ಓದಲು ಹೋಗುವ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಇ ಅಂದರೆ ಫೇಲ್ ಅಂತಲೇ. ಅವರ ಎ ಅತ್ಯುತ್ತಮ, ನಮ್ಮ ಎ ಮೂರನೆಯ ಮೆಟ್ಟಿಲು.

ಇದಕ್ಕೆ ಮದ್ದು ಸುಲಭ. ಗ್ರೇಡ್ ಕಾರ್ಡನ್ನು ಅಥವಾ ಟ್ರಾನ್ಸ್‌ಕ್ರಿಪ್ಟನ್ನು (ಎಲ್ಲ ಸೆಮಿಸ್ಟರುಗಳೂ ಒಟ್ಟಿಗೆ ಇರುವ ದಾಖಲೆ) ಸ್ಕ್ಯಾನ್ ಮಾಡುವಾಗ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ. ಯಾವ ಅಕ್ಷರಕ್ಕೆ ಎಷ್ಟು ಅಂಕ, ಎಷ್ಟು ಪಾಯಿಂಟ್ ಅನ್ನುವ ಪಟ್ಟಿ ಸಾಮಾನ್ಯವಾಗಿ ಅಲ್ಲೇ ಸಣ್ಣ ಅಕ್ಷರದಲ್ಲಿ ಇರುತ್ತದೆ. ಇಲ್ಲದಿದ್ದರೆ ವಿಶ್ವವಿದ್ಯಾಲಯದ ರೆಗ್ಯುಲೇಶನ್ ಪುಸ್ತಕದಲ್ಲಿ ಆ ಪಟ್ಟಿ ಇರುವ ಪುಟವನ್ನು ತೆಗೆದು, ಅದೇ ಪಿಡಿಎಫ್‌ನ ಕೊನೆಗೆ ಸೇರಿಸಿ. ಅಟಾನಮಸ್ ಕಾಲೇಜಿನವರು ತಮ್ಮ ಕಾಲೇಜಿನ ಪಟ್ಟಿಯನ್ನೇ ಹಾಕಬೇಕು, ವಿಟಿಯುವಿನದಲ್ಲ. ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಎಎ, ಎಬಿ, ಬಿಬಿ ಅಂತ ಜೋಡಿ ಅಕ್ಷರ. ಅವರಿಗೂ ಇದೇ ಮಾತು.

ಪರ್ಸೆಂಟೇಜ್ ಕೇಳಿದರೆ? ವಿಟಿಯುವಿನ 2015ರ ಸ್ಕೀಮಿಗೆ ಸಿಜಿಪಿಎಯಿಂದ 0.75 ಕಳೆದು ಹತ್ತರಿಂದ ಗುಣಿಸಬೇಕು. 8.06 ಆದರೆ 73.1. ಆ ಸ್ಕೀಮಿನಲ್ಲಿ ಫಸ್ಟ್ ಕ್ಲಾಸ್ ವಿತ್ ಡಿಸ್ಟಿಂಕ್ಷನ್‌ಗೆ 7.75 ಬೇಕು ಅಂತ ಇದ್ದದ್ದು ಇದೇ ಲೆಕ್ಕದಿಂದ, ಅದು ಸರಿಯಾಗಿ 70 ಆಗುತ್ತದೆ. ಸ್ಕೀಮ್ ಬದಲಾದ ಹಾಗೆ ಸೂತ್ರವೂ ಬದಲಾಗುತ್ತದೆ. ಸೀನಿಯರ್ ಕೊಟ್ಟ ಸೂತ್ರ ಬಳಸಬೇಡಿ. ಹತ್ತನೇ ತರಗತಿಯಲ್ಲಿ ಸಿಬಿಎಸ್‌ಇ ಓದಿದವರು 9.5ರಿಂದ ಗುಣಿಸಿದ್ದರಲ್ಲ, ಅದು ಆ ಮಂಡಳಿಯ ಹಳೆಯ ಪದ್ಧತಿಗೆ ಮಾತ್ರ. ಎಂಜಿನಿಯರಿಂಗ್ ಸಿಜಿಪಿಎಗೆ ಅದನ್ನು ಹಾಕಿದವರನ್ನು ನಾನು ಕಂಡಿದ್ದೇನೆ.

5. ಹಾಗಾದರೆ ಖಾನೆಯಲ್ಲಿ ಏನು ಬರೆಯುವುದು

ಮೊದಲು ಖಾನೆಯ ಕೆಳಗಿನ ಸಣ್ಣ ಅಕ್ಷರದ ಸೂಚನೆ ಓದಿ. ಹತ್ತರಲ್ಲಿ ಎಂಟು ಸಲ ಉತ್ತರ ಅಲ್ಲೇ ಇರುತ್ತದೆ.

ಹೆಚ್ಚಿನ ಕಡೆ ಹೇಳುವುದು ಒಂದೇ: ಟ್ರಾನ್ಸ್‌ಕ್ರಿಪ್ಟಿನಲ್ಲಿ ಇರುವ ಹಾಗೆಯೇ ಬರೆಯಿರಿ, ಬದಲಾಯಿಸಬೇಡಿ. ಸ್ಟ್ಯಾನ್‌ಫರ್ಡ್‌ನ ಗ್ರಾಜುಯೇಟ್ ಅರ್ಜಿಯ ಸೂಚನೆಯೂ ಇದೇ. ಆಗ ಮೊದಲ ಖಾನೆಯಲ್ಲಿ 8.06, ಎರಡನೆಯದರಲ್ಲಿ 10. ಮುಗಿಯಿತು. ಹಳೆಯ ಪದ್ಧತಿಯ ಪರ್ಸೆಂಟೇಜ್ ಇದ್ದವರು 73.1, ಪಕ್ಕದಲ್ಲಿ 100.

ಕೆಲವು ಫಾರ್ಮುಗಳು ನಾಲ್ಕಕ್ಕಿಂತ ದೊಡ್ಡ ಅಂಕಿಯನ್ನೇ ತೆಗೆದುಕೊಳ್ಳುವುದಿಲ್ಲ. 8.06 ಹೊಡೆದರೆ ಕೆಂಪು ಗೆರೆ ಬರುತ್ತದೆ. ಆಗ ಗಾಬರಿಬಿದ್ದು 3.22 ಹಾಕಬೇಡಿ. ಖಾನೆ ಕಡ್ಡಾಯ ಅಲ್ಲದಿದ್ದರೆ ಖಾಲಿ ಬಿಡಿ. ಕಡ್ಡಾಯ ಆಗಿದ್ದರೆ ಡಿಪಾರ್ಟ್‌ಮೆಂಟಿನ ಅಡ್ಮಿಷನ್ ವಿಳಾಸಕ್ಕೆ ಎರಡು ಸಾಲಿನ ಮೇಲ್ ಹಾಕಿ: ನನ್ನ ವಿಶ್ವವಿದ್ಯಾಲಯದ ಅಳತೆ ಹತ್ತು, ಈ ಖಾನೆಯಲ್ಲಿ ಏನು ಹಾಕಲಿ? ಅವರಿಗೆ ಇದು ದಿನಾ ಬರುವ ಪ್ರಶ್ನೆ, ಉತ್ತರಿಸುತ್ತಾರೆ. ಬಂದ ಉತ್ತರವನ್ನು ಇಟ್ಟುಕೊಳ್ಳಿ.

ನೀವೇ ಬದಲಾಯಿಸಿ ಹಾಕಿ ಅಂತ ಅವರೇ ಹೇಳಿದರೆ, ಅವರದೇ ಪಟ್ಟಿ ಇದೆಯಾ ಅಂತ ನೋಡಿ. ಬಹಳಷ್ಟು ಗ್ರಾಜುಯೇಟ್ ಸ್ಕೂಲುಗಳ ವೆಬ್‌ಸೈಟಿನಲ್ಲಿ ದೇಶವಾರು ಪುಟ ಇರುತ್ತದೆ. ಭಾರತದ ಎದುರು ಫಸ್ಟ್ ಕ್ಲಾಸ್ ಅಂತಲೋ ಹತ್ತಕ್ಕೆ ಇಷ್ಟು ಅಂತಲೋ ಬರೆದಿರುತ್ತಾರೆ. ಅದೂ ಇಲ್ಲದಿದ್ದರೆ ವೆಸ್ (WES) ಅನ್ನುವ ಇವ್ಯಾಲ್ಯುಯೇಶನ್ ಸಂಸ್ಥೆಯ ಉಚಿತ ಜಿಪಿಎ ಕ್ಯಾಲ್ಕುಲೇಟರಿನಲ್ಲಿ ವಿಷಯವಾರು ಹಾಕಿ, ಬಂದ ಉತ್ತರ ಬರೆದು, ಹೆಚ್ಚುವರಿ ಮಾಹಿತಿಯ ಜಾಗದಲ್ಲಿ ಮೂಲ ಸಿಜಿಪಿಎಯನ್ನೂ ಲೆಕ್ಕ ಹಾಕಿದ ರೀತಿಯನ್ನೂ ಒಂದು ಸಾಲು ಬರೆಯಿರಿ. ಮುಚ್ಚಿಡುವುದು ಏನೂ ಇಲ್ಲ ಅಂತ ಕಾಣಬೇಕು.

ಅವರ ಕನಿಷ್ಠ 3.0 ಅಂತ ಕಂಡು ಹೆದರುವವರಿಗೆ: ಅದು ಅಲ್ಲಿನ ಬಿ ಸರಾಸರಿ. ಎಂಎಸ್‌ಗೆ, ಅಂದರೆ ಅಲ್ಲಿನ ಮಾಸ್ಟರ್ಸ್ ಡಿಗ್ರಿಗೆ, ಬಹುತೇಕ ವಿಶ್ವವಿದ್ಯಾಲಯಗಳ ಗೆರೆ ಇಷ್ಟೇ. ಒಳಗೆ ಹೋದ ಮೇಲೂ 3.0 ಉಳಿಸಿಕೊಳ್ಳಬೇಕು, ಇಲ್ಲದಿದ್ದರೆ ಪ್ರೊಬೇಶನ್, ಅಂದರೆ ಸುಧಾರಿಸಿಕೋ ಅನ್ನುವ ಎಚ್ಚರಿಕೆ. ಆದರೆ ಎಷ್ಟೋ ಕಡೆ ಆ 3.0 ಇಡೀ ಡಿಗ್ರಿಗೆ ಅಲ್ಲ. ಅರಿಜೋನಾ ಸ್ಟೇಟ್ ನೋಡುವುದು ಮೊದಲ ಬ್ಯಾಚುಲರ್ ಡಿಗ್ರಿಯ ಕೊನೆಯ 60 ಕ್ರೆಡಿಟ್‌ಗಳನ್ನು. ಅವರ ಲೆಕ್ಕದಲ್ಲಿ ಅದು ಸುಮಾರು ಕೊನೆಯ ಎರಡು ವರ್ಷ. ನಮ್ಮ ಹುಡುಗರಿಗೆ ಇದು ಖುಷಿಯ ಸುದ್ದಿ, ಅಲ್ವಾ? ಮೊದಲ ವರ್ಷದ ಎಂಜಿನಿಯರಿಂಗ್ ಡ್ರಾಯಿಂಗ್, ಕೆಮಿಸ್ಟ್ರಿ, ಗಣಿತದ ಎಂ1, ಎಂ2 ಎಲ್ಲ ಆ ಲೆಕ್ಕದ ಆಚೆ ಉಳಿಯುತ್ತವೆ. ಇಂಥ ಕಡೆ ಮೂರು, ನಾಲ್ಕನೇ ವರ್ಷದ ಸೆಮಿಸ್ಟರುಗಳ ಸಿಜಿಪಿಎಯನ್ನು ಬೇರೆಯಾಗಿ, ಕ್ರೆಡಿಟ್ ಸಮೇತ ಲೆಕ್ಕ ಹಾಕಿ ಇಟ್ಟುಕೊಳ್ಳಿ. ನಿಮ್ಮ ಮುಖ್ಯ ವಿಷಯಗಳದ್ದು ಮಾತ್ರ ಕೇಳುವವರೂ ಇದ್ದಾರೆ. ಅದಕ್ಕೆ ಕನ್ನಡ, ಸಂವಿಧಾನ, ಪರಿಸರ ಅಧ್ಯಯನದಂಥವನ್ನು ಬಿಟ್ಟು ಲೆಕ್ಕ ಹಾಕಬೇಕು.

6. ಇವ್ಯಾಲ್ಯುಯೇಶನ್ ಎಲ್ಲರಿಗೂ ಬೇಕಾ

ಬೇಡ. ಇದನ್ನು ದೊಡ್ಡದಾಗಿ ಹೇಳುತ್ತೇನೆ, ಯಾಕೆಂದರೆ ದುಡ್ಡಿನ ವಿಷಯ. ಬಹಳಷ್ಟು ವಿಶ್ವವಿದ್ಯಾಲಯಗಳು ಭಾರತದ ಮಾರ್ಕ್ಸ್ ಕಾರ್ಡುಗಳನ್ನು ವರ್ಷಗಟ್ಟಲೆ ನೋಡಿ ಪಳಗಿವೆ. ಅವರೇ ಒಳಗೆ ಲೆಕ್ಕ ಹಾಕಿಕೊಳ್ಳುತ್ತಾರೆ. ಪ್ರತಿ ವಿಶ್ವವಿದ್ಯಾಲಯದ ಪುಟ ನೋಡಿ, ಬೇಕು ಅಂತ ಬರೆದಿದ್ದರೆ ಮಾತ್ರ ಮುಂದುವರಿಯಿರಿ.

ಬೇಕು ಅಂದರೆ ಯಾರಿಂದ ಅನ್ನುವುದನ್ನೂ ಓದಿ. ಸಾಮಾನ್ಯವಾಗಿ ನೇಸಸ್ (NACES) ಅನ್ನುವ ಇವ್ಯಾಲ್ಯುಯೇಶನ್ ಸಂಸ್ಥೆಗಳ ಒಕ್ಕೂಟದ ಸದಸ್ಯ ಸಂಸ್ಥೆ ಆಗಿರಬೇಕು ಅನ್ನುತ್ತಾರೆ. 1987ರಲ್ಲಿ ಶುರುವಾದ ಒಕ್ಕೂಟ ಅದು. ವೆಸ್, ಇಸಿಇ, ಸ್ಪ್ಯಾನ್‌ಟ್ರಾನ್ ಅದರ ಸದಸ್ಯರು. ರಿಪೋರ್ಟಿನಲ್ಲಿ ಎರಡು ಬಗೆ. ಒಂದು ಬರೀ ಡಿಗ್ರಿ ಯಾವುದಕ್ಕೆ ಸಮ ಅಂತ ಹೇಳುವುದು. ಇನ್ನೊಂದು ಕೋರ್ಸ್ ಬೈ ಕೋರ್ಸ್, ಅಂದರೆ ಪ್ರತಿ ವಿಷಯಕ್ಕೂ ಅಲ್ಲಿನ ಕ್ರೆಡಿಟ್, ಗ್ರೇಡ್ ಹಾಕಿ ಜಿಪಿಎ ಕೊಡುವುದು. ಓದಿಗೆ ಬೇಕಾಗುವುದು ಎರಡನೆಯದು. ಅಗ್ಗ ಅಂತ ಮೊದಲನೆಯದು ಮಾಡಿಸಿದರೆ ಅದರಲ್ಲಿ ಜಿಪಿಎಯೇ ಇರುವುದಿಲ್ಲ, ಮತ್ತೆ ದುಡ್ಡು.

7. ಟ್ರಾನ್ಸ್‌ಕ್ರಿಪ್ಟ್ ಮತ್ತು ಕವರಿನ ಕತೆ

ನಮ್ಮಲ್ಲಿ ಸೆಮಿಸ್ಟರಿಗೊಂದು ಕಾರ್ಡ್. ಅವರು ಕೇಳುವ ಟ್ರಾನ್ಸ್‌ಕ್ರಿಪ್ಟ್ ಅಂದರೆ ಎಲ್ಲ ಸೆಮಿಸ್ಟರುಗಳೂ ಒಟ್ಟಿಗೆ ಇರುವ, ವಿಶ್ವವಿದ್ಯಾಲಯ ಸಹಿ ಹಾಕಿ ಕೊಡುವ ದಾಖಲೆ. ಅರ್ಜಿ ಹಾಕುವಾಗ ಬಹುತೇಕ ಕಡೆ ಸ್ಕ್ಯಾನ್ ಸಾಕು, ಅಸಲಿ ಸೀಟು ಸಿಕ್ಕ ಮೇಲೆ. ಇವ್ಯಾಲ್ಯುಯೇಶನ್ ಸಂಸ್ಥೆಗಳಿಗೆ ಮಾತ್ರ ಮೊದಲೇ ಬೇಕು, ಅದೂ ವಿಶ್ವವಿದ್ಯಾಲಯದಿಂದ ನೇರವಾಗಿ ಅಥವಾ ಸೀಲ್ ಮಾಡಿದ ಕವರಿನಲ್ಲಿ. ಕವರಿನ ಬಾಯಿಯ ಮೇಲೆ, ಅಂಟು ಕೂಡುವ ಜಾಗಕ್ಕೆ ಅಡ್ಡವಾಗಿ ಸೀಲು ಬಿದ್ದಿರಬೇಕು.

ನನ್ನ ಮೊದಲ ಕವರು ಊರಿನ ಮನೆಗೆ ಬಂತು. ಮಗನ ಮಾರ್ಕ್ಸ್ ಸರಿಯಾಗಿ ಬಂದಿದೆಯೋ ಇಲ್ಲವೋ ನೋಡೋಣ ಅಂತ ಅಪ್ಪ ಕತ್ತರಿ ತೆಗೆದುಕೊಂಡು ಅಂಚನ್ನು ನೀಟಾಗಿ ಕತ್ತರಿಸಿದ್ದರು. ಫೋನ್ ಮಾಡಿ, ಎಲ್ಲ ಸರಿಯಾಗಿದೆ ಕಣೋ, ಸ್ಪೆಲ್ಲಿಂಗೂ ನೋಡಿದೆ ಅಂದರು. ಬೈಯಲೂ ಆಗಲಿಲ್ಲ. ಮತ್ತೆ ಫೀಸು ಕಟ್ಟಿ, ಮತ್ತೆ ಕಾದು, ಇನ್ನೊಂದು ತರಿಸಿದೆ. ಆದ್ದರಿಂದ ಮನೆಯವರಿಗೆ ಮೊದಲೇ ಹೇಳಿಡಿ.

ಅರ್ಜಿಗೆ ಮುಂಚೆ ಪಾಸ್‌ಪೋರ್ಟಿನಲ್ಲಿರುವ ಹೆಸರನ್ನೂ ಮಾರ್ಕ್ಸ್ ಕಾರ್ಡಿನ ಹೆಸರನ್ನೂ ಪಕ್ಕ ಪಕ್ಕ ಇಟ್ಟು ನೋಡಿ. ನಮ್ಮ ಕಡೆ ಒಂದರಲ್ಲಿ ಬರೀ ಇನಿಶಿಯಲ್, ಇನ್ನೊಂದರಲ್ಲಿ ಅಪ್ಪನ ಪೂರ್ತಿ ಹೆಸರು, ಮೂರನೆಯದರಲ್ಲಿ ಊರ ಹೆಸರೂ ಇರುತ್ತದೆ. ಅಮೆರಿಕದ ಕಂಪ್ಯೂಟರಿಗೆ ಅವರು ಮೂವರು.

ಕಾಲ: ಎಂಎಸ್, ಪಿಎಚ್‌ಡಿ ಅರ್ಜಿಗಳ ಕೊನೆಯ ದಿನ ಹೆಚ್ಚಾಗಿ ಡಿಸೆಂಬರ್, ಜನವರಿಯಲ್ಲಿ. ಟ್ರಾನ್ಸ್‌ಕ್ರಿಪ್ಟಿಗೆ ಆಗಸ್ಟಿನಲ್ಲೇ ಅರ್ಜಿ ಹಾಕಿ. ದಸರಾ, ದೀಪಾವಳಿ ರಜೆಗಳು ನಡುವೆ ಬರುತ್ತವೆ ಅನ್ನುವುದು ನೆನಪಿರಲಿ.

8. ಬ್ಯಾಕ್‌ಲಾಗ್ ಇದ್ದವರು

ಮುಚ್ಚಿಡಬೇಡಿ. ಒಂದೆರಡು ಬ್ಯಾಕ್‌ಲಾಗ್ (ಫೇಲಾಗಿ ಉಳಿದ ವಿಷಯ) ಇದ್ದು ಕ್ಲಿಯರ್ ಆಗಿದ್ದರೆ ಅದರಿಂದಲೇ ಸೀಟು ಹೋಗುವುದು ಕಡಿಮೆ. ಫೇಲ್ ಆದ ಕಾರ್ಡನ್ನು ಬಿಟ್ಟು ಪಾಸಾದದ್ದನ್ನು ಮಾತ್ರ ಅಪ್‌ಲೋಡ್ ಮಾಡಿ, ಆಮೇಲೆ ಅಸಲಿ ಟ್ರಾನ್ಸ್‌ಕ್ರಿಪ್ಟಿನಲ್ಲಿ ಎರಡನೇ ಪ್ರಯತ್ನ ಅಂತ ಕಂಡರೆ ಮಾತ್ರ ಸಿಕ್ಕ ಸೀಟೂ ಹೋಗಬಹುದು. ಕಾರಣ ಹೇಳುವುದಿದ್ದರೆ ಎರಡು ಸಾಲು ಸಾಕು. ಡೆಂಗಿ ಬಂದಿತ್ತು, ಆ ಸೆಮಿಸ್ಟರ್ ಎರಡು ವಿಷಯ ಹೋದವು, ಮುಂದಿನ ಸಲ ಪಾಸಾದೆ, ಆಮೇಲಿನ ಗ್ರೇಡುಗಳು ಇವು. ಎಸ್‌ಒಪಿಯ, ಅಂದರೆ ಯಾಕೆ ಓದಬೇಕು ಅಂತ ಅರ್ಜಿಯ ಜೊತೆ ಬರೆಯುವ ಪ್ರಬಂಧದ, ಅರ್ಧ ಪುಟ ಅದಕ್ಕೇ ಕೊಟ್ಟು ಅಳುವುದು ಬೇಡ.

ಸೆಮಿಸ್ಟರಿನಿಂದ ಸೆಮಿಸ್ಟರಿಗೆ ಎಸ್‌ಜಿಪಿಎ ಏರುತ್ತಾ ಹೋಗಿದ್ದರೆ ಓದುವವರಿಗೆ ಅದು ಕಣ್ಣಿಗೆ ಬೀಳುತ್ತದೆ. 6.4ರಿಂದ ಶುರುವಾಗಿ 9.1ಕ್ಕೆ ಮುಗಿಸಿದವನ 7.8ಕ್ಕೂ, 9.1ರಿಂದ 6.4ಕ್ಕೆ ಇಳಿದವನ 7.8ಕ್ಕೂ ಬಹಳ ವ್ಯತ್ಯಾಸ ಇದೆ. ಖಾನೆಯಲ್ಲಿ ಎರಡೂ ಒಂದೇ. ಟ್ರಾನ್ಸ್‌ಕ್ರಿಪ್ಟಿನಲ್ಲಿ ಒಂದೇ ಅಲ್ಲ.

9. ಬಿಎಸ್ಸಿ, ಬಿಕಾಂ ಓದಿದವರಿಗೆ

ಇಲ್ಲಿ ಜಿಪಿಎಗಿಂತ ವರ್ಷದ ಪ್ರಶ್ನೆ ದೊಡ್ಡದು. ಅಮೆರಿಕದ ಬ್ಯಾಚುಲರ್ ಡಿಗ್ರಿ ನಾಲ್ಕು ವರ್ಷದ್ದು, ನಮ್ಮದು ಮೂರು. ಕರ್ನಾಟಕದಲ್ಲಿ 2021-22ರಲ್ಲಿ ನಾಲ್ಕು ವರ್ಷದ ಆನರ್ಸ್ ಶುರುವಾಗಿ, 2024ರಲ್ಲಿ ಸರ್ಕಾರ ಮತ್ತೆ ಮೂರು ವರ್ಷಕ್ಕೆ ಮರಳಿತು. ನಡುವಿನ ಬ್ಯಾಚಿನಲ್ಲಿದ್ದು ನಾಲ್ಕನೇ ವರ್ಷವನ್ನೂ ಮುಗಿಸಿದವರಿಗೆ ದಾರಿ ಸುಲಭ. ಮೂರು ವರ್ಷದವರು ಅರ್ಜಿಯ ಫೀಸು ಕಟ್ಟುವ ಮೊದಲೇ ವಿಶ್ವವಿದ್ಯಾಲಯವನ್ನು ಕೇಳಬೇಕು. ನಮ್ಮ ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ನ್ಯಾಕ್‌ನಲ್ಲಿ ಎ ಅಥವಾ ಅದಕ್ಕಿಂತ ಮೇಲಿನ ಗ್ರೇಡ್ ಇರುವ ಸಂಸ್ಥೆಯಿಂದ ಒಳ್ಳೆಯ ದರ್ಜೆಯಲ್ಲಿ ಪಾಸಾಗಿದ್ದರೆ ಸಮ ಅಂತ ಬರೆದುಕೊಡುವ ಇವ್ಯಾಲ್ಯುಯೇಟರ್‌ಗಳಿದ್ದಾರೆ. ಆದರೆ ಒಪ್ಪುವುದು ಬಿಡುವುದು ಕೊನೆಗೆ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಮೂರು ವರ್ಷದ ಮೇಲೆ ಎಂಎಸ್ಸಿ, ಎಂಕಾಂ ಮಾಡಿದವರಿಗೆ ಈ ತಲೆನೋವು ಬಹುಮಟ್ಟಿಗೆ ಇಲ್ಲ.

10. ಪಿಯುಸಿ ಮುಗಿಸಿ ನೇರ ಹೋಗುವವರಿಗೆ

ಇವರ ಲೆಕ್ಕ ಪೂರ್ತಿ ಬೇರೆ. ಅವರು ಕೇಳುವುದು ಒಂಬತ್ತರಿಂದ ಹನ್ನೆರಡರವರೆಗಿನ ನಾಲ್ಕು ವರ್ಷ. ನಮ್ಮಲ್ಲಿ ಅದು ಎರಡು ತುಂಡು: ಒಂಬತ್ತು, ಹತ್ತು ಹೈಸ್ಕೂಲಿನಲ್ಲಿ, ಆಮೇಲೆ ಎರಡು ವರ್ಷ ಪಿಯು ಕಾಲೇಜಿನಲ್ಲಿ. ಎರಡೂ ಕಡೆಯಿಂದ ಅಂಕಪಟ್ಟಿ ತರಬೇಕು. ಒಂಬತ್ತನೇ ತರಗತಿಯದ್ದು ಎಲ್ಲಿದೆ ಅಂತ ಇವತ್ತೇ ಹುಡುಕಿ.

ಒಂದು ಕಹಿ ಮಾತು. ಅಮೆರಿಕದ ಕಾಲೇಜುಗಳು ತುಂಬ ಗಮನ ಕೊಡುವುದು ಹನ್ನೊಂದನೇ ತರಗತಿಗೆ. ಅರ್ಜಿ ಹಾಕುವಾಗ ಪೂರ್ತಿ ಮುಗಿದಿರುವ ಕೊನೆಯ ವರ್ಷ ಅದು. ನಮ್ಮಲ್ಲಿ ಫಸ್ಟ್ ಪಿಯು ಅಂದರೆ ಎಸ್‌ಎಸ್‌ಎಲ್‌ಸಿಯ ಸುಸ್ತು ಕಳೆಯುವ ವರ್ಷ. ಸಿಇಟಿ ರ‍್ಯಾಂಕಿಗೆ ಅದರ ಅಂಕ ಲೆಕ್ಕಕ್ಕಿಲ್ಲ, ಬೋರ್ಡ್ ಪರೀಕ್ಷೆ ಇಲ್ಲ, ಪಾಸಾದರೆ ಸಾಕು ಅನ್ನುವ ಧೋರಣೆ. ಹೋಗುವ ಯೋಚನೆ ಇದ್ದರೆ ಹತ್ತನೇ ತರಗತಿಯಲ್ಲೇ ಇದು ಗೊತ್ತಿರಬೇಕು.

ಬಹಳಷ್ಟು ಕಾಲೇಜುಗಳಿಗೆ ಒಟ್ಟಿಗೆ ಅರ್ಜಿ ಹಾಕುವ ಕಾಮನ್ ಆ್ಯಪ್‌ನಲ್ಲಿ ಜಿಪಿಎ ಕೇಳುತ್ತಾರೆ. ನಿಮ್ಮ ಶಾಲೆ ಜಿಪಿಎ ಕೊಡದಿದ್ದರೆ ಖಾಲಿ ಬಿಡಬಹುದು. 560ನ್ನು 600ರಿಂದ ಭಾಗಿಸಿ ನಾಲ್ಕರಿಂದ ಗುಣಿಸುವ ಸಾಹಸ ಬೇಡ. ಅಲ್ಲಿನ ಹುಡುಗರು 4.5, 4.6 ಅಂತ ಹೇಳಿಕೊಳ್ಳುವುದನ್ನು ಕೇಳಿ ಬೆಚ್ಚಬೇಡಿ. ಅದು ವೆಯ್ಟೆಡ್ ಜಿಪಿಎ. ಎಪಿ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸು) ಥರದ ಕಠಿಣ ವಿಷಯಗಳಿಗೆ ಎ ಬಂದರೆ ನಾಲ್ಕರ ಬದಲು ಐದು ಕೊಡುತ್ತಾರೆ.

ಅರ್ಜಿಯ ಜೊತೆ ಶಾಲೆಯಿಂದ ಸ್ಕೂಲ್ ಪ್ರೊಫೈಲ್ ಅನ್ನುವ ಒಂದು ಪುಟ ಹೋಗಬೇಕು. ಅಮೆರಿಕದ ಶಾಲೆಗಳಲ್ಲಿ ಅದಕ್ಕೇ ಕೌನ್ಸೆಲರ್ ಇರುತ್ತಾರೆ. ತಾಲ್ಲೂಕಿನ ಪಿಯು ಕಾಲೇಜಿನಲ್ಲಿ ಪ್ರಿನ್ಸಿಪಾಲರೇ ಅದನ್ನು ಬರೆಯಬೇಕು, ಅವರಿಗೂ ಹೊಸದು. ಒಂದು ಕರಡು ನೀವೇ ತಯಾರಿಸಿಕೊಂಡು ಹೋಗಿ, ವಿನಯದಿಂದ ಕೊಡಿ. ಪರೀಕ್ಷೆ ಯಾವ ಮಂಡಳಿಯದು, ಪಾಸಿಗೆ ಎಷ್ಟು ಬೇಕು, ಎಸ್‌ಎಸ್‌ಎಲ್‌ಸಿ ಯಾಕೆ 625ಕ್ಕೆ, ಮೊದಲ ಭಾಷೆಗೆ ಮಾತ್ರ ಯಾಕೆ 125, ಪಿಯುಸಿ 600ಕ್ಕೆ, ಕಳೆದ ವರ್ಷ ಕಾಲೇಜಿನಲ್ಲಿ ಎಷ್ಟು ಜನ ಬರೆದರು, 85ರ ಮೇಲೆ ಎಷ್ಟು ಜನ ತೆಗೆದರು. ಕೊನೆಯ ಆ ಒಂದು ಸಾಲು ಯಾವ ಕನ್ವರ್ಟರಿಗಿಂತಲೂ ಚೆನ್ನಾಗಿ ಕೆಲಸ ಮಾಡುತ್ತದೆ. ನಿಮ್ಮ 91 ಎಷ್ಟು ಜನರ ನಡುವಿನ 91 ಅಂತ ಅದು ಹೇಳುತ್ತದೆ.

11. ಎರಡು ಸೆಟ್ ಜಾಸ್ತಿ ಮಾಡಿಸಿ

ಟ್ರಾನ್ಸ್‌ಕ್ರಿಪ್ಟ್ ಮಾಡಿಸುವಾಗಲೇ ಸೀಲ್ ಹಾಕಿದ ಎರಡು ಕವರು ಹೆಚ್ಚಿಗೆ ತೆಗೆದುಕೊಳ್ಳಿ. ಎಂಎಸ್ ಆದ ಮೇಲೆ ಪಿಎಚ್‌ಡಿಗೆ ಬೇಕಾಗಬಹುದು. ಕೆಲಸದ ವೀಸಾ ಹಂತದಲ್ಲಿ ವಕೀಲರು ಮತ್ತೆ ಇವ್ಯಾಲ್ಯುಯೇಶನ್ ಕೇಳಬಹುದು. ಆಗ ನೀವು ಸಾವಿರಾರು ಮೈಲಿ ದೂರದಲ್ಲಿರುತ್ತೀರಿ, ಕಾಲೇಜಿನ ಆಫೀಸಿನಲ್ಲಿ ನಿಮ್ಮ ಯುಎಸ್‌ಎನ್ (ವಿಟಿಯು ನೋಂದಣಿ ನಂಬರು) ಹೇಳಿ ಓಡಾಡುವವರು ಯಾರೂ ಇರುವುದಿಲ್ಲ.

ನನ್ನ ಎರಡು ಕವರು ಈಗಲೂ ಊರಿನ ಮನೆಯ ಬೀರುವಿನಲ್ಲಿ, ಅಮ್ಮನ ರೇಷ್ಮೆ ಸೀರೆಗಳ ಕೆಳಗಿವೆ. ಎರಡರ ಮೇಲೂ ಅಪ್ಪ ಕೆಂಪು ಪೆನ್ನಿನಲ್ಲಿ ದೊಡ್ಡದಾಗಿ ಬರೆದಿದ್ದಾರೆ: ಯಾರೂ ಒಡೆಯಬಾರದು.